ಹರವಿಯ ಮೇಲಿನ ಚಳಿ

ಸವಡಿ
17 ಫೆಬ್ರುವರಿ 2025

ಇರ್ಫಾನ,

ಹಿಂದೆಲ್ಲ 'ತಮ್ಮಾ' ಎಂದು ಶುರು ಮಾಡುತ್ತಿದ್ದೆ. ಇವತ್ತು ಪೆನ್ನು ಒಪ್ಪುತ್ತಿಲ್ಲ. ಹನ್ನೊಂದು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ನೀನು ಕೆಲಸ ಮಾಡುವ ಹಿಮಾಚಲದ ಗುಡ್ಡದ ನರ್ಸರಿಯಲ್ಲಿ ರೇಂಜ್ ಇರುವುದಿಲ್ಲ ಎಂದು ನಿನ್ನ ಅಬ್ಬಾ ನಿನ್ನ ಪರ ವಹಿಸುತ್ತಾನೆ. ಪ್ರತಿ ಶುಕ್ರವಾರ ಅವನ ಜೊತೆ ಮಾತಾಡುವಾಗ ಅದೇ ರೇಂಜ್ ಎಲ್ಲಿಂದ ಬರುತ್ತದೆ? ಇರಲಿ. ಪತ್ರವನ್ನು ಹರಿದು ಹಾಕುವವನೂ ಮೊದಲು ಒಡೆದು ನೋಡುತ್ತಾನೆ.

ನಿನ್ನ ಹದಿನೇಳು ನಂಬರ್ ದ್ರಾಕ್ಷಿಗೆ ಮೊದಲ ಸಲ ಚಾಟಣಿ ಮಾಡಿ ಇವತ್ತಿಗೆ ಇಪ್ಪತ್ತೆಂಟು ದಿನ. ಕತ್ತರಿ ಬಿದ್ದ ಹದಿನೈದು ದಿನಕ್ಕೆ ಕಡ್ಡಿಯ ಕಣ್ಣುಗಳು ಒಡೆದು ಚಿಗುರು ಬರಬೇಕಿತ್ತು. ಕಡ್ಡಿಯ ತುದಿಗೆ ಒಂದು ಕಣ್ಣು ಬಿಟ್ಟಿದೆ, ಉಳಿದವು ಹುಣಸೆ ಬೀಜದ ಹಾಗೆ ಗಟ್ಟಿಯಾಗಿ ಕೂತಿವೆ. ಒಂದಲ್ಲ ಎರಡಲ್ಲ, ನಾನೂರ ಅರವತ್ತು ಬೊಡ್ಡೆಗಳೂ ಹೀಗೆಯೇ. ಪಕ್ಕದ ಎಕರೆಯಲ್ಲಿ ಹಳೆಯ ತಳಿಯ ಗೊನೆ ಹಣ್ಣಾಗುತ್ತಿದೆ. ನಡುವೆ ಒಂದು ಬದು ಅಷ್ಟೇ. ಈ ಕಡೆ ಮನೆ, ಆ ಕಡೆ ಸ್ಮಶಾನ.

ನೆನಪಿದೆಯೇ, ಎರಡು ವರ್ಷದ ಹಿಂದೆ ನನ್ನ ಪಡಸಾಲೆಯಲ್ಲಿ ಕೂತು ಹೇಳಿದ್ದು? "ಅಕ್ಕಾರ, ಈ ತಳಿಗಿ ಪೇಸ್ಟ್ ಬ್ಯಾಡ್ರಿ. ತಾನ ಏಳ್ತೈತಿ." ಕಣ್ಣು ಎಬ್ಬಿಸಲು ಆ ಸುಡುವ ಔಷಧ ಒರೆಸುವುದು ತಪ್ಪುತ್ತದೆ ಎಂದರೆ ಯಾರಿಗೆ ಬೇಡ? ನಂಬಿದೆ. ನನ್ನ ಅಪ್ಪ ಕನಕಪ್ಪ ನೆಟ್ಟು, ನಿನ್ನ ಅಬ್ಬಾ ಇಪ್ಪತ್ತಾರು ವರ್ಷ ಚಾಟಣಿ ಮಾಡಿದ ಬಳ್ಳಿಗಳ ತಲೆ ಕಡಿಸಿ, ನಿನ್ನ ಕಡ್ಡಿ ಕಸಿ ಮಾಡಿಸಿದೆ.

ಮನೆಯಲ್ಲಿ ಮಾಲತೇಶ ಗಡುವು ಕೊಟ್ಟಿದ್ದಾನೆ. ಯುಗಾದಿಯೊಳಗೆ ಆ ಎಕರೆ ಹಸಿರಾಗದಿದ್ದರೆ ಎರಡೂ ಎಕರೆ ಕಿತ್ತು ಸೋಲಾರಿನವರಿಗೆ ಕೊಡುವುದು. ಗಂಡನನ್ನು ಬೈಯುವ ಹಾಗೂ ಇಲ್ಲ. ಹೊಸ ತಳಿ ಬಂದರೆ ತೋಟ ಇರಲಿ, ಬರದಿದ್ದರೆ ಬೇಡ ಎಂದು ಅವತ್ತು ಮಾತು ಕೊಟ್ಟವಳು ನಾನೇ. ಭೂಮಿ ನನ್ನ ಹೆಸರಿನಲ್ಲಿದೆ, ಸಹಿ ನಾನೇ ಹಾಕಬೇಕು. ನನ್ನ ಕೈಯಿಂದಲೇ ಅಪ್ಪನ ತೋಟ ತೆಗೆಸುವ ಹಾಗೆ ಮಾಡಿದ್ದೀಯ.

ಏನು ಮಾಡಬೇಕು, ಬರೆ. ಲಗೂ ಬರೆ.

ದೇವಿಕಾ


ಸೋಲನ್ ಜಿಲ್ಲೆ, ಹಿಮಾಚಲ
26 ಫೆಬ್ರುವರಿ 2025

ದೇವಿಕಾ ಅಕ್ಕಾರಿಗೆ ಇರ್ಫಾನನ ಸಲಾಮು.

ಫೋನ್ ಎತ್ತದಿದ್ದುದು ಖರೇ. ನೀವು ಬೈದರೆ ನನಗೆ ಮಾತು ನಿಲ್ಲುತ್ತದೆ, ಆಮೇಲೆ ಹೇಳಬೇಕಾದ್ದು ಉಳಿದುಹೋಗುತ್ತದೆ. ಬರೆದರೆ ಎಲ್ಲ ಹೇಳಬಹುದು.

ತಳಿಯ ಮೇಲೆ ತಪ್ಪು ಹೊರಿಸುವ ಮೊದಲು ಒಂದಿಷ್ಟು ಕೇಳುತ್ತೇನೆ. ಚಾಟಣಿ ಮಾಡಿದವರು ಯಾರು? ಅಬ್ಬಾ ತನ್ನ ಎಡಗೈ ಕತ್ತರಿಯಿಂದ ತಾನೇ ಮಾಡಿದನೋ, ಅಥವಾ ಬೆಳವಣಕಿಯಿಂದ ಬರುವ ಆಳುಗಳೋ? ಕಡ್ಡಿಗೆ ಎಷ್ಟು ಕಣ್ಣು ಬಿಟ್ಟರು? ಚಾಟಣಿಗೆ ಮುಂಚೆ ಹದಿನೈದು ದಿನ ನೀರು ನಿಲ್ಲಿಸಿ ಎಂದಿದ್ದೆ, ನಿಲ್ಲಿಸಿದಿರಾ? ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ನಿಮಗೆ ಹೇಳುತ್ತಿಲ್ಲ, ಆಳುಗಳಿಗೆ ಹೇಳುತ್ತಿದ್ದೇನೆ.

ಬಳ್ಳಿಯೂ ಮಲಗಿ ಎದ್ದರೇ ಚಿಗುರುವುದು. ಅದರ ನಿದ್ದೆ ಎಂದರೆ ಚಳಿ. ಹದಿನೇಳು ನಂಬರ್ ತಳಿಗೆ ಹತ್ತು ಡಿಗ್ರಿಗಿಂತ ಕೆಳಗಿನ ಚಳಿ ಒಟ್ಟು ನೂರೈವತ್ತು ತಾಸು ಸಿಕ್ಕರೆ ಸಾಕು, ಯಾವ ಔಷಧವೂ ಇಲ್ಲದೆ ಎಲ್ಲ ಕಣ್ಣೂ ಒಟ್ಟಿಗೆ ಒಡೆಯುತ್ತವೆ. ಅದಕ್ಕೇ ಅಕ್ಟೋಬರಿನಲ್ಲಿ ಬೇಡ, ಚಳಿ ಉಂಡ ಮೇಲೆ ಜನವರಿಯಲ್ಲಿ ಚಾಟಣಿ ಮಾಡಿ ಎಂದೆ. ಸುಮ್ಮನೆ ಹೇಳಿದ್ದಲ್ಲ. ಕಸಿ ಮಾಡುವ ಮೊದಲು ಒಂದು ಇಡೀ ಚಳಿಗಾಲ, ನಾನು ಸವಡಿಗೆ ಕಳಿಸಿದ ಥರ್ಮಾಮೀಟರಿನ ಲೆಕ್ಕದ ಪುಸ್ತಕ ತರಿಸಿಕೊಂಡು ನೋಡಿದ್ದೇನೆ. ಎಂಟು, ಒಂಬತ್ತು, ಒಂಬತ್ತು, ಎಂಟು. ತಾಸು ಕೂಡಿಸಿದರೆ ನೂರ ಎಪ್ಪತ್ತಕ್ಕೂ ಮೇಲೆ.

ಒಂದು ಮಾತು ಕೈ ಮುಗಿದು ಹೇಳುತ್ತೇನೆ. ಏನೇ ಆದರೂ ಆ ಎಕರೆಗೆ ಪೇಸ್ಟ್ ಹಚ್ಚಿಸಬೇಡಿ. ಯಾಕೆ ಎಂದು ನಿಮಗೆ ಗೊತ್ತು. ಇನ್ನೊಂದು ಹತ್ತು ದಿನ ತಡೆಯಿರಿ.

ಅಬ್ಬಾ ಶುಕ್ರವಾರಕ್ಕೊಮ್ಮೆ ಪುಸ್ತಕದ ಪುಟದ ಫೋಟೋ ತೆಗೆಸಿ ಕಳಿಸುತ್ತಿದ್ದ. ಈ ತಿಂಗಳು ಒಂದೂ ಬಂದಿಲ್ಲ. ಕೇಳಿದರೆ "ಎಲ್ಲಾ ಚಲೋ ಐತಿ" ಎಂದು ಫೋನ್ ಇಡುತ್ತಾನೆ. ನೀವು ಅವನ ಮುಂದೆ ನನ್ನ ಬಗ್ಗೆ ಏನು ಹೇಳಿದಿರಿ?

ಇರ್ಫಾನ


ಸವಡಿ
7 ಮಾರ್ಚ್ 2025

ಇರ್ಫಾನ,

ಚಾಟಣಿ ಮಾಡಿದವನು ನಿನ್ನ ಅಬ್ಬಾ, ನಾನು ಕಾಕಾ ಎನ್ನುವವನು. ನಾನೂರ ಅರವತ್ತೂ ಅವನೇ. ನೆಲ ಡೊಂಕು ಎನ್ನುವ ಗಾದೆಯನ್ನು ಈಗ ಅವನಿಗೆ ಓದಿ ಹೇಳಲೇ? ನೀರು ನಿಲ್ಲಿಸಿದ್ದೆ. ಎಷ್ಟು ಕಣ್ಣು ಬಿಡಬೇಕೆಂದು ಅವನಿಗೆ ಕಲಿಸುವಷ್ಟು ನೀನು ದೊಡ್ಡವನಾದೆಯಾ?

ಈ ಬಳ್ಳಿಗೆ ಚಳಿ ಬೇಕು ಎನ್ನುವುದು ನನಗೆ ಗೊತ್ತಾದದ್ದು ಮೊನ್ನೆ, ನಿನ್ನ ಪತ್ರದಿಂದ. ಕಸಿ ಮಾಡಿ ಎರಡು ವರ್ಷ ಆದ ಮೇಲೆ. ಪೇಸ್ಟ್ ಬೇಡ ಎಂದು ಹತ್ತು ಸಲ ಹೇಳಿದೆ, ಪೇಸ್ಟಿನ ಬದಲು ಚಳಿ ಬೇಕು ಎಂದು ಒಂದು ಸಲವೂ ಹೇಳಲಿಲ್ಲ. ಹೇಳಿದ್ದರೆ ಅವತ್ತೇ ನಿನ್ನನ್ನು ಬಾಗಿಲಿನಿಂದ ವಾಪಸ್ ಕಳಿಸುತ್ತಿದ್ದೆ. ಅದಕ್ಕೇ ಹೇಳಲಿಲ್ಲ, ಅಲ್ಲವೇ?

ಆ ಥರ್ಮಾಮೀಟರ್ ಹವಾಮಾನ ನೋಡಲಿಕ್ಕೆ ಎಂದು ತಿಳಿದಿದ್ದೆ. ಪುಸ್ತಕ ಬರೆದವಳು ನಾನಲ್ಲ. ದಿನಾ ನಸುಕಿನಲ್ಲಿ ಫಜರ್ ನಮಾಜಿಗೆ ಎದ್ದು ಕನ್ನಡಕ ಹಾಕಿಕೊಂಡು ಬರೆದವನು ನಿನ್ನ ಅಬ್ಬಾ. ಮಗ ಕಳಿಸಿದ ಸಾಮಾನು ಎಂದು ನನಗೆ ಮುಟ್ಟಲೂ ಕೊಡಲಿಲ್ಲ.

ಅವನು ಬರೆದದ್ದು ಇರಲಿ, ನೀನು ಹ್ಯಾಂಗೆ ನಂಬಿದೆ? ನೀನು ಇಲ್ಲೇ ಹುಟ್ಟಿ ಬೆಳೆದವನು. ನಾವು ಸಣ್ಣವರಿದ್ದಾಗ ಎಳ್ಳಮಾಸಿಗೆ ಹಲ್ಲು ಕಟಕಟ ಅನ್ನುತ್ತಿದ್ದವು, ಒಪ್ಪುತ್ತೇನೆ. ಈಗ ಮೂರು ವರ್ಷದಿಂದ ನನ್ನ ಮನೆಯ ಕೌದಿ ಗಂಟು ಬಿಚ್ಚಿಲ್ಲ. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡಿಹೋಗುತ್ತದೆ ಎನ್ನುತ್ತಾರೆ. ಓಡಿಹೋಗಲು ಮೊದಲು ಬರಬೇಕಲ್ಲ. ಡಿಸೆಂಬರಿನಲ್ಲಿ ಫ್ಯಾನ್ ಹಾಕಿಕೊಂಡು ಮಲಗುವ ಊರಿಗೆ ಎಂಟು ಡಿಗ್ರಿ ಎಂದು ಬರೆದರೆ ನಿನಗೆ ನಗು ಬರಲಿಲ್ಲವೇ?

ಚಳಿಗೆ ಬೈದರೆ ಕೇಳಲು ಅದಕ್ಕೆ ಕಿವಿ ಇಲ್ಲ. ನಿನಗೆ ಇದೆ. ಅದಕ್ಕೆ ನಿನಗೆ ಬೈಯುತ್ತಿದ್ದೇನೆ.

ಕಾಕಾ ಆರಾಮ ಇದ್ದಾನೆ. ರೋಜಾ ಹಿಡಿದಿದ್ದಾನೆ. ಪುಸ್ತಕ ಬರೆಯಲು ಈಗ ಕೈ ಬಿಡುವಿಲ್ಲ. ಅವನನ್ನು ಕೆದಕಬೇಡ. ಹಬ್ಬಕ್ಕೂ ನೀನು ಬರುವುದಿಲ್ಲವಂತೆ, ಅಲ್ಲಿ ಕಸಿ ಕಟ್ಟುವ ಹಂಗಾಮಂತೆ. ಕಟ್ಟು. ಇನ್ನೂ ಯಾರ ಯಾರ ತೋಟಕ್ಕೆ ಕಳಿಸಬೇಕೋ ಕಳಿಸು.

ದೇವಿಕಾ


ಸೋಲನ್ ಜಿಲ್ಲೆ
17 ಮಾರ್ಚ್ 2025

ಅಕ್ಕಾರ,

ನನ್ನ ಅಬ್ಬಾ ಓದಿದ್ದು ನಾಲ್ಕನೇ ಇಯತ್ತೆ. ಆದರೆ ಸುಳ್ಳು ಬರೆಯುವವನಲ್ಲ. ಕಣ್ಣಿಗೆ ಎಂಟು ಕಂಡರೆ ಎಂಟು ಬರೆಯುತ್ತಾನೆ, ಹದಿನೆಂಟು ಕಂಡರೆ ಹದಿನೆಂಟು. ತೋಟ ಕೈಬಿಡುತ್ತದೆ ಎನ್ನುವ ಸಿಟ್ಟಿಗೆ ಆ ಮುದುಕನ ಪುಸ್ತಕಕ್ಕೆ ಕಲ್ಲು ಹೊಡೆಯಬೇಡಿ.

ನೀವು ನನಗೆ ಮುಚ್ಚಿಟ್ಟದ್ದು ಈಗ ಗೊತ್ತಾಗಿದೆ. ಗಜೇಂದ್ರಗಡದ ನನ್ನ ಗೆಳೆಯ ಅಕ್ರಮ್ ಫೆಬ್ರುವರಿ ಕೊನೆಗೆ ನಿಮ್ಮ ತೋಟಕ್ಕೆ ಗೊಬ್ಬರ ಇಳಿಸಲು ಬಂದಿದ್ದನಂತೆ. ಹದಿನೇಳು ನಂಬರಿನ ಬದುವಿನ ಮೇಲೆ ಪೇಸ್ಟಿನ ಖಾಲಿ ಬಾಟಲಿಗಳನ್ನು ನೋಡಿದ್ದಾನೆ. ಕಡ್ಡಿಗಳ ಮೇಲೆ ಕೆಂಪು ಬಣ್ಣ ಇತ್ತಂತೆ. ಯಾವ ಕಣ್ಣಿಗೆ ಹಚ್ಚಿದೆ, ಯಾವುದಕ್ಕಿಲ್ಲ ಎಂದು ತಿಳಿಯಲು ಪೇಸ್ಟಿನಲ್ಲಿ ಬಣ್ಣ ಕಲಸುತ್ತಾರೆ ಎನ್ನುವುದು ನನಗೆ ಹೇಳಿಕೊಡಬೇಕಾಗಿಲ್ಲ. ನಾನು ಅದೇ ಬಣ್ಣ ನೋಡಿಕೊಂಡು ಬೆಳೆದವನು.

ಬೇಡ ಎಂದು ಕೈ ಮುಗಿದು ಬರೆದಿದ್ದೆ. ಯಾರ ಕೈಯಿಂದ ಹಚ್ಚಿಸಿದಿರಿ? ಕೂಲಿಗೆ ಬರುವ ಸುವರ್ಣಾಳ ಗುಂಪಿನ ಹೆಣ್ಣುಮಕ್ಕಳಿಂದಲೇ? ಅವರಿಗೂ ಕೈ ಇವೆ. ನನ್ನ ಅಮ್ಮ ಬೀಬಿಜಾನ ಹದಿನಾಲ್ಕು ವರ್ಷ ನಿಮ್ಮಂಥವರ ತೋಟಗಳಲ್ಲಿ ಬಟ್ಟೆ ಅದ್ದಿ ಅದ್ದಿ ಹಚ್ಚಿದಳು. ಉಗುರು ಹೋದವು. ರೊಟ್ಟಿ ತಟ್ಟುವುದು ಬಿಟ್ಟಳು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಅಮ್ಮನ ಕೈ ಸುಟ್ಟಿತು, ಬಾಯಿಗೆ ಚಮಚ ಬಂತು. ಸಾಯುವವರೆಗೂ ಚಮಚದಿಂದಲೇ ಉಂಡಳು. ನೀವು ಅದನ್ನು ನೋಡಿದವರು. ಅವಳ ಮಣ್ಣಿಗೆ ಬಂದು ಅತ್ತವರು.

ಆ ಔಷಧ ಇಲ್ಲದ ದ್ರಾಕ್ಷಿ ಹುಡುಕಲೆಂದೇ ನಾನು ಈ ಗುಡ್ಡ ಹತ್ತಿದ್ದು. ಸಂಬಳಕ್ಕಲ್ಲ. ನಿಮ್ಮ ತೋಟಕ್ಕೆ ಕೊಟ್ಟದ್ದು ನಿಮ್ಮ ಉಪಕಾರಕ್ಕೂ ಅಲ್ಲ. ಅಮ್ಮ ಕೈ ಸುಟ್ಟುಕೊಂಡ ಸಾಲುಗಳಲ್ಲೇ ಅದು ಚಿಗುರಲಿ ಎಂದು.

ಇನ್ನು ಬರೆಯುವುದಿಲ್ಲ. ಸಹಿ ಹಾಕುವುದಿದ್ದರೆ ಹಾಕಿ.

ಇರ್ಫಾನ


ಸವಡಿ
2 ಏಪ್ರಿಲ್ 2025

ಇರ್ಫಾನ,

ಬರೆಯುವುದಿಲ್ಲ ಎಂದೆ. ಸರಿ, ಓದು.

ಪೇಸ್ಟ್ ಹಚ್ಚಿದ್ದು ಸುವರ್ಣಾ ಅಲ್ಲ, ಯಾರೂ ಅಲ್ಲ. ನಿನ್ನ ಅಬ್ಬಾ. ಹೇಳುವುದಿಲ್ಲ ಎಂದು ಅವನಿಗೆ ಆಣೆ ಕೊಟ್ಟಿದ್ದೆ. ನಿನ್ನ ಪತ್ರ ಓದಿದ ಮೇಲೆ ಆ ಆಣೆಯನ್ನು ಒಲೆಗೆ ಹಾಕಿದ್ದೇನೆ.

ಫೆಬ್ರುವರಿ ಹತ್ತೊಂಬತ್ತು, ಇಪ್ಪತ್ತು ನಾನು ನರಗುಂದಕ್ಕೆ ಮದುವೆಗೆ ಹೋಗಿದ್ದೆ. ಹಳೆಯ ಎಕರೆಗೆ ತಂದು ಉಳಿದಿದ್ದ ಔಷಧ ಶೆಡ್ಡಿನಲ್ಲಿತ್ತು. ಎರಡು ಪಟ್ಟು ಗಟ್ಟಿ ಕಲಸಿ, ಒಬ್ಬನೇ, ನಾನೂರ ಅರವತ್ತಕ್ಕೂ ಹಚ್ಚಿದ್ದಾನೆ. ಬರಿಗೈಯಲ್ಲಿ. ತಿರುಗಿ ಬಂದಾಗ ಬಾವಿಯ ಹತ್ತಿರ ಕೈ ನೀರಿನಲ್ಲಿ ಇಟ್ಟುಕೊಂಡು ಕೂತಿದ್ದ. ಬಣ್ಣ ಯಾವುದು, ರಕ್ತ ಯಾವುದು ತಿಳಿಯಲಿಲ್ಲ. ಕೂಗಾಡಿದೆ. "ಕೈಗವಸ ಹಾಕ್ಕೊಂಡ್ರ ಕಣ್ಣ ಬೆರಳಿಗಿ ಸಿಗೂದಿಲ್ಲವ್ವಾ," ಅಂದ. ನಂತರ ಅಂದ: "ಇರ್ಫಾನಗ ಹೇಳಬ್ಯಾಡ. ಅವ್ವನ್ನ ನೋಡ್ಯಾನ, ಮತ್ತ ನನ್ನ ನೋಡೂದು ಬ್ಯಾಡ." ರೋಣದ ದವಾಖಾನಿಗೆ ನಾನೇ ಕರೆದುಕೊಂಡು ಹೋದೆ. ಎಡಗೈಯ ಮೂರು ಬೆರಳು ಮಡಚುತ್ತಿಲ್ಲ. ಹೊತ್ತು ಮೀರಿದ ಮೇಲೆ ಹಚ್ಚಿದ ಔಷಧ, ಒಡೆಯಬೇಕೆಂದಿದ್ದ ನಾಲ್ಕಾರು ಕಣ್ಣುಗಳನ್ನೂ ಸುಟ್ಟಿತು.

ಪುಟ ಬರದಿದ್ದುದಕ್ಕೆ ಕಾರಣ ಇದು. ನಾನು ಅವನ ಕಿವಿಗೆ ಏನೂ ಊದಿಲ್ಲ.

ಇನ್ನೂ ಇದೆ. ಯುಗಾದಿಯ ದಿನ ಮಾಲತೇಶ ಬೇವು-ಬೆಲ್ಲದ ತಾಟಿನ ಪಕ್ಕದಲ್ಲೇ ಸೋಲಾರಿನವರ ಕಾಗದ ಇಟ್ಟ. "ನಿನ್ನ ಮಾತ ನೀನ ನೆನಪ ಮಾಡ್ಕೊ," ಅಂದ. ನಾಳೆ ರಮಜಾನ್ ಹಬ್ಬ ಇದೆ, ನಾಡಿದ್ದು ನೋಡೋಣ ಅಂದೆ. ಮರುದಿನ ಪ್ರತಿ ವರ್ಷದಂತೆ ಶ್ಯಾವಿಗೆಯ ಸುರಕುಂಬಾ ಕುಡಿಯಲು ನಿಮ್ಮ ಮನೆಗೆ ಹೋದೆ. ಕಾಕಾ ನನಗೆ ಬಟ್ಟಲು ಕೊಟ್ಟ, ತಾನು ಚಮಚ ಹಿಡಿದ. ಯಾವ ಚಮಚ ಎಂದು ನಿನಗೆ ಹೇಳಬೇಕಾಗಿಲ್ಲ.

ಕಣ್ಣು ಬೇರೆ ಕಡೆ ಮಾಡಲೆಂದು ಕೇಳಿದೆ, ಆ ಥರ್ಮಾಮೀಟರ್ ಎಲ್ಲಿ ತೂಗುಹಾಕಿದ್ದೆ ಕಾಕಾ ಎಂದು. ಅವನು ಎದ್ದು ಹೋಗಿ ಮೊಳೆ ತೋರಿಸಿದ. ಹರವಿಗಳ ಮೇಲೆ, ಇರ್ಫಾನ. ನಿಮ್ಮ ಕಟ್ಟೆಯ ಮೇಲೆ ಒದ್ದೆ ಉಸುಕಿನಲ್ಲಿ ಕೂರಿಸಿದ ಕುಡಿಯುವ ನೀರಿನ ಮೂರು ಮಣ್ಣಿನ ಹರವಿ, ಅವುಗಳ ಹಿಂದಿನ ಒದ್ದೆ ಗೋಡೆಯಲ್ಲಿ ಮೊಳೆ. ಎರಡು ಕಡೆಯಿಂದ ಗಾಳಿ. ನೀನು ಅವನಿಗೆ ಹೇಳಿದ್ದೇನು? ನೆರಳಿರಲಿ, ಗಾಳಿ ಆಡಲಿ, ಬಿಸಿಲು ತಾಗದಿರಲಿ. ನೀನು ಕಳಿಸಿದ ಗಾಜಿನ ಸಾಮಾನಿಗೆ ಅವನು ಮನೆಯಲ್ಲೇ ಎಲ್ಲಕ್ಕಿಂತ ತಂಪು ಜಾಗ ಕೊಟ್ಟಿದ್ದ. ಒಳ್ಳೆಯ ನೀರು ಇಡುವ ಜಾಗ.

ಕೇಳಿ ತಂದುಕೊಂಡೆ. ಇವತ್ತು ಮುಂಜಾನೆ ತೋಟದ ಚಪ್ಪರದ ಕಂಬಕ್ಕೆ ಕಟ್ಟಿ ನೋಡಿದೆ, ಇಪ್ಪತ್ತೊಂದು. ಓಡಿ ಹೋಗಿ ಹರವಿಯ ಮೇಲೆ ಇಟ್ಟೆ, ಹದಿನೇಳಕ್ಕೆ ಇಳಿಯಿತು. ನಾಲ್ಕು ಡಿಗ್ರಿ. ನಿನ್ನ ಎಂಟು ಎಂದರೆ ಹನ್ನೆರಡು. ನೀನು ಕೂಡಿಸಿದ ತಾಸುಗಳಲ್ಲಿ ಒಂದೂ ನಮ್ಮ ಬಳ್ಳಿಗೆ ಮುಟ್ಟಿಲ್ಲ. ಹರವಿಯ ಚಳಿಯನ್ನು ನಂಬಿ ನನ್ನ ತೋಟದ ತಲೆ ಕಡಿದೆವು.

ಅವನಿಗೆ ಇದು ತಿಳಿದಿಲ್ಲ. ಮೊಳೆ ತೋರಿಸಿ ಸುಮ್ಮನೆ ನಿಂತ, ನಾನೂ ಬಾಯಿ ಬಿಡಲಿಲ್ಲ. ಕಾಗದ ಇನ್ನೂ ಸಹಿಯಿಲ್ಲದೆ ಬಿದ್ದಿದೆ. ಮಾಲತೇಶ ಮಾತು ಬಿಟ್ಟಿದ್ದಾನೆ. ಈಗ ನೀನೇ ಹೇಳು, ನಾನು ಯಾರ ಮೇಲೆ ಸಿಟ್ಟು ಮಾಡಲಿ? ಇಷ್ಟು ಸಿಟ್ಟನ್ನು ಎಲ್ಲಿ ಇಡಲಿ?

ದೇವಿಕಾ


ಸೋಲನ್ ಜಿಲ್ಲೆ
11 ಮೇ 2025

ಅಕ್ಕಾರ,

ನಿಮ್ಮ ಪತ್ರ ಬಂದು ತಿಂಗಳಾಯಿತು. ನಾಲ್ಕು ಸಲ ಬರೆದೆ, ನಾಲ್ಕನ್ನೂ ಹರಿದೆ. ಅವುಗಳಲ್ಲಿ ನಾನು ಒಳ್ಳೆಯವನಾಗಿದ್ದೆ.

ನೀವು ಕೇಳಿದಿರಿ, ಎಂಟು ಡಿಗ್ರಿ ಎಂದು ಓದಿದಾಗ ನಗು ಬರಲಿಲ್ಲವೇ ಎಂದು. ಬಂದಿತ್ತು. ಮೊದಲ ಪುಟ ಬಂದ ದಿನವೇ ಇದು ನಮ್ಮೂರಿನದಲ್ಲ ಅನ್ನಿಸಿತು. ಮುಂಜಾನೆ ಸೈಕಲ್ ಹತ್ತಿ ಶಾಲೆಗೆ ಹೋದವನಿಗೆ ಸವಡಿಯ ಡಿಸೆಂಬರ್ ಗೊತ್ತಿರುವುದಿಲ್ಲವೇ? ಥರ್ಮಾಮೀಟರ್ ಎಲ್ಲಿ ಹಾಕಿದ್ದೀ ಅಬ್ಬಾ ಎಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಬೇಕಾದ ಲೆಕ್ಕ ಬಂದಿತ್ತು, ಕೇಳಿದರೆ ಕೆಡುತ್ತದೆ ಎನ್ನುವ ಹೆದರಿಕೆ.

ಇನ್ನೊಂದನ್ನೂ ಮುಚ್ಚಿಟ್ಟಿದ್ದೆ. ನಾನು ಕಡ್ಡಿ ಕತ್ತರಿಸಿ ಕಳಿಸಿದ ತಾಯಿಬಳ್ಳಿಗಳು ಇಲ್ಲೇ ಈ ಗುಡ್ಡದಲ್ಲೇ ಎರಡು ವಸಂತದಿಂದ ಸರಿಯಾಗಿ ಏಳುತ್ತಿಲ್ಲ. ಹಿಮ ಬೀಳಬೇಕಾದಲ್ಲಿ ಮಳೆ ಬೀಳುತ್ತದೆ. ಇಲ್ಲಿಯ ಮುದುಕರೂ ನಿಮ್ಮ ಹಾಗೆಯೇ ಬೈಯುತ್ತಾರೆ, ಭಾಷೆ ಬೇರೆ. ಕಳೆದ ವಾರ ಮಾಲೀಕ ಆ ಸಾಲಿಗೆ ಪೇಸ್ಟ್ ತರಿಸಿದ. ಬಾಟಲಿ ನನ್ನ ಕೈಗೇ ಕೊಟ್ಟ. ನಾನು ಅದನ್ನು ಅವನ ಮೇಜಿನ ಮೇಲೆ ಇಟ್ಟು ಹೊರಗೆ ಬಂದಿದ್ದೇನೆ. ಈಗ ಕೆಲಸ ಇಲ್ಲ. ಸಿಟ್ಟು ಮಾತ್ರ ಇದೆ, ಅದರಲ್ಲಿ ಹೆಚ್ಚಿನದು ನನ್ನ ಮೇಲೆಯೇ.

ಕಸಿಗಿಂತ ಒಂದು ಗೇಣು ಕೆಳಗೆ ಬೊಡ್ಡೆ ಕೊಯ್ಯಿಸಿ. ಬೊಡ್ಡೆ ಹಳೆಯ ತಳಿಯದೇ, ಕನಕಪ್ಪ ಕಾಕಾ ನೆಟ್ಟದ್ದು. ಜೀವ ಇದ್ದರೆ ಚಿಗುರುತ್ತದೆ.

ಅಬ್ಬಾಗೆ ಮೊಳೆಯ ವಿಷಯ ಹೇಳಬೇಡಿ. ತಳಿಯೇ ಕೆಟ್ಟದ್ದಿತ್ತು, ಇರ್ಫಾನ ಮೋಸ ಹೋದ ಎಂದು ಹೇಳಿ. ನಾನು ಹಾಗೆ ಬರೆದಿದ್ದೇನೆ ಎಂದು ಓದಿ ತೋರಿಸಿ. ಊರಿಗೆ ಬರುವ ಮುಖ ನನಗಿಲ್ಲ.

ಇರ್ಫಾನ


ಸವಡಿ
19 ಜೂನ್ 2025

ತಮ್ಮಾ ಇರ್ಫಾನ,

ತಮ್ಮಾ ಎಂದು ಬರೆದದ್ದಕ್ಕೆ ಹಿಗ್ಗಬೇಡ. ಸಿಟ್ಟು ಇಳಿದಿಲ್ಲ.

ನೀನು ಹೇಳುವ ಮೊದಲೇ, ಏಪ್ರಿಲ್ ಹತ್ತಕ್ಕೆ ಬೊಡ್ಡೆ ಕೊಯ್ಯಿಸಿದ್ದೆ. ಗರಗಸ ಹಿಡಿದವಳು ನಾನು. ಕಾಕಾ ಬದುವಿನ ಮೇಲೆ ಕೂತು, ಕೈಯನ್ನು ವಸ್ತ್ರದಲ್ಲಿ ಸುತ್ತಿಕೊಂಡು, "ಇನ್ನೂ ಕೆಳಗ, ಇನ್ನೂ ಕೆಳಗ" ಎಂದು ಹೇಳುತ್ತಿದ್ದ. ನಾನೂರ ಅರವತ್ತರಲ್ಲಿ ಮುನ್ನೂರ ತೊಂಬತ್ತು ಚಿಗುರಿವೆ. ಮಳೆ ಹಿಡಿದಿದೆ. ಒಂದೊಂದು ಬಳ್ಳಿ ನನ್ನ ಎದೆಯ ಮಟ್ಟಕ್ಕೆ ಬಂದಿದೆ.

ನಿನ್ನ ಪತ್ರವನ್ನು ನೀನು ಹೇಳಿದ ಹಾಗೆಯೇ ಓದಿ ತೋರಿಸಿದೆ. ತಳಿ ಕೆಟ್ಟದ್ದಿತ್ತಂತೆ ಕಾಕಾ, ನಿನ್ನ ಮಗ ಮೋಸ ಹೋದನಂತೆ ಎಂದೆ. ಇಷ್ಟು ವರ್ಷದಲ್ಲಿ ನಿನ್ನ ಅಬ್ಬಾ ದನಿ ಏರಿಸಿದ್ದನ್ನು ನಾನು ನೋಡಿದ್ದಿಲ್ಲ. ಅವತ್ತು ನೋಡಿದೆ.

"ಸುಳ್ಳ ಬರದಾನ. ತಳಿಗಿ ಹೆಸರ ಇಡಬ್ಯಾಡ ಅನ್ನು ಅವಂಗ. ಸುಳ್ಳ ನಂದು ಐತಿ."

ಒಳಗೆ ಹೋಗಿ ಪುಸ್ತಕ ತಂದು ನನ್ನ ಮಡಿಲಿಗೆ ಒಗೆದ. ಕಸಿಗೆ ಮುಂಚಿನ ಆ ಚಳಿಗಾಲದ ಪುಟಗಳ ಮೇಲೆಲ್ಲ ಅಡ್ಡಗೆರೆ ಎಳೆದಿದ್ದಾನೆ. ಕೊನೆಗೆ ಒಂದು ತಾರೀಖು, ಈ ವರ್ಷದ ಫೆಬ್ರುವರಿ ಐದು. ಅದರ ಕೆಳಗೆ ಇಷ್ಟೇ: ಹರವಿ ಹದಿಮೂರು, ತೋಟ ಹದಿನೇಳು. ಹದಿನೈದು ದಿನಕ್ಕೂ ಕಣ್ಣು ಒಡೆಯದಿದ್ದಾಗ ಅವನು ಥರ್ಮಾಮೀಟರನ್ನು ತೋಟಕ್ಕೆ ಒಯ್ದು ನೋಡಿದ್ದ. ಪೇಸ್ಟ್ ಹಚ್ಚುವುದಕ್ಕೆ ಎರಡು ವಾರ ಮೊದಲೇ ಅವನಿಗೆ ಎಲ್ಲ ಗೊತ್ತಿತ್ತು. ನಾನು ನಿನಗೆ ಬೈದು ಬರೆಯುವುದಕ್ಕೂ ಮೊದಲು.

"ನಿನ್ನ ತ್ವಾಟಾ ನನ್ನಿಂದ ಹೊಂಟೈತಿ ಅಂತ ತಿಳೀತು. ಬಾಯಿ ಬಿಟ್ಟು ಹೇಳಾಕ ಧೈರ್ಯ ಆಗಲಿಲ್ಲ. ಕೈಲೆ ಏನರ ಆದೀತು ಅಂತ ಮಾಡಿದೆ," ಅಂದ.

ಹಬ್ಬದ ದಿನ ಮೊಳೆ ತೋರಿಸಿ ಸುಮ್ಮನೆ ನಿಂತಿದ್ದನಲ್ಲ, ಅದು ತಿಳಿಯದೆ ನಿಂತದ್ದಲ್ಲ. ನಾನು ಬೈಯಲಿ ಎಂದು ನಿಂತದ್ದು. ನಾನು ಅವನಿಗೆ ತಿಳಿಯಬಾರದೆಂದು ಸುಮ್ಮನಾದೆ, ಅವನು ನಿನಗೆ ತಿಳಿಯಬಾರದೆಂದು ಸುಮ್ಮನಾದ, ನೀನು ಎಲ್ಲರಿಗಿಂತ ಮೊದಲು ತಿಳಿದು ಸುಮ್ಮನಾದೆ. ಮೂವರೂ ಒಂದೊಂದು ಮಾತು ಆಡಿದ್ದರೆ ಅವನ ಬೆರಳು ಮಡಚುತ್ತಿದ್ದವು. ನನಗೆ ಅಳು ಬರಲಿಲ್ಲ, ಮೈ ಉರಿಯಿತು. ಅವನಿಗೂ ಬೈದೆ. ಕೊನೆಗೂ ಬೈಸಿಕೊಂಡೆ ಎನ್ನುವ ಹಾಗೆ ಹಗುರಾಗಿ ಹೋದ.

ಮಾಲತೇಶನ ಕಾಗದಕ್ಕೆ ಸಹಿ ಹಾಕಿಲ್ಲ. ಕೊಟ್ಟ ಮಾತು ತಪ್ಪಿದ್ದೇನೆ, ಅದನ್ನು ಅವನೆದುರೇ ಒಪ್ಪಿಕೊಂಡೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಅಕ್ಟೋಬರ್ ಚಾಟಣಿ ಯಾರ ಮಾಡ್ತಾರ, ತೋರಿಸು. ತೋರಿಸಿದ್ರ ಕಾಗದಾ ಹರಿತೀನಿ." ಹಳೆಯ ತಳಿಯೂ ಪೇಸ್ಟ್ ಇಲ್ಲದೆ ಏಳುವುದಿಲ್ಲ, ಅದೂ ನಿನಗೆ ಗೊತ್ತು. ಬರಿಗೈ ಸೋಕದ ಹಾಗೆ ಹಚ್ಚುವ ದಾರಿಯನ್ನು ನೀನೇ ಹುಡುಕಬೇಕು. ಅಮ್ಮನ ಕೈ ನೋಡಿದವನು ನೀನು.

ಮುಖ ಇಲ್ಲ ಎಂದು ಬರೆದಿದ್ದೀ. ನಿನ್ನ ಮುಖ ನನಗೆ ಬೇಕಾಗಿಲ್ಲ. ನಿನ್ನೆ ಕಾಕಾ ತನ್ನ ಕತ್ತರಿ ತಂದು ಎಣ್ಣೆ ಹಚ್ಚಿಕೊಡು ಅಂದ. ಹಚ್ಚಿದೆ. ಹಿಡಿದು ಒಂದು ಕಡ್ಡಿ ಕತ್ತರಿಸಲು ನೋಡಿದೆ, ಆಗಲಿಲ್ಲ. ಬೆಳವಣಕಿಯಿಂದ ಬಂದ ಇಬ್ಬರು ಆಳುಗಳೂ ನೋಡಿದರು, ಅವರಿಗೂ ಆಗಲಿಲ್ಲ. ಅದು ಎಡಗೈಯವರ ಕತ್ತರಿ. ಈ ಊರಿನಲ್ಲಿ ಎಡಗೈಯಿಂದ ಚಾಟಣಿ ಮಾಡುತ್ತಿದ್ದವರು ಇಬ್ಬರೇ, ಅದರಲ್ಲಿ ಒಬ್ಬನ ಬೆರಳು ಮಡಚುವುದಿಲ್ಲ.

ಇನ್ನೊಬ್ಬನಿಗೆ ನಾನು ಬೈಯುವುದು ಬಾಕಿ ಇದೆ. ಅದನ್ನು ಪತ್ರದಲ್ಲಿ ಬರೆಯುವುದಿಲ್ಲ.

ದೇವಿಕಾ